ಮನಸ್ಸು ಬರೆದದ್ದಕ್ಕೂ ಒಂದು ಪ್ರೂಫ್ ನೋಡಿ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ತಿಥಿ ಕಾರ್ಡು ಎಲ್ಲ ಮಾಡಿಕೊಡುತ್ತೇನೆ. ಮೂರು ವರ್ಷದ ಹಿಂದೆ, ಮದುವೆ ಸೀಸನ್ ಜೋರಾಗಿದ್ದಾಗ, ಒಂದು ಲಗ್ನಪತ್ರಿಕೆಗೆ ಹಳೇ ಫೈಲ್ ತೆಗೆದೆ. ಹೆಸರು ಬದಲಿಸಿದೆ, ತಾರೀಖು ಬದಲಿಸಿದೆ, ಮುಹೂರ್ತ, ಛತ್ರ ಎಲ್ಲ ಬದಲಿಸಿದೆ. 400 ಕಾರ್ಡು ಅಚ್ಚು ಹಾಕಿಸಿ ಕೊಟ್ಟೆ. ವಾರ ಬದಲಿಸೋದು ಮರೆತಿದ್ದೆ. ಮದುವೆ ಭಾನುವಾರ. ಕಾರ್ಡಿನಲ್ಲಿ ಗುರುವಾರ.

ಹುಡುಗಿಯ ಅಪ್ಪ ಬಂದರು. ಅಷ್ಟರಲ್ಲಿ 60 ಕಾರ್ಡು ಹಂಚಿ ಆಗಿತ್ತು. ಜೋರಾಗಿ ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಕಾರ್ಡನ್ನು ಟೇಬಲ್ ಮೇಲಿಟ್ಟು, ಕನ್ನಡಕ ತೆಗೆದು, "ಏನಪ್ಪಾ ಹಿಂಗ್ ಮಾಡ್ಬಿಟ್ಟೆ. ನಿನ್ನ ನಂಬಿ ನಾನು ಓದೋಕೇ ಹೋಗ್ಲಿಲ್ಲ" ಅಂದರು. ಅಷ್ಟೇ.

ಆಮೇಲೆ ಎರಡು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಎರಡು ವಾರದಲ್ಲಿ, ಆಮೇಲಿನ ಕೆಲವು ತಿಂಗಳಲ್ಲಿ, ನಾನು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಆದರೆ ಈ ವಿಷಯದಲ್ಲಿ ಒಂದಷ್ಟು ಹುಡುಕಿ ಓದಿದೆ, ಓದಿದ್ದನ್ನು ನನ್ನ ಮೇಲೇ ಪ್ರಯೋಗ ಮಾಡಿದೆ. ಕೆಲವು ಕೆಲಸಕ್ಕೆ ಬಂದವು, ಕೆಲವು ಬರಲಿಲ್ಲ. ಬಾರದ್ದರಿಂದಲೇ ಶುರು ಮಾಡುತ್ತೇನೆ.

ಕನ್ನಡಿ ಮುಂದೆ ಭಾಷಣ ಬೇಡ

ಆಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ಪಾಸಿಟಿವ್ ಆಗಿ ಯೋಚ್ನೆ ಮಾಡು." ಒಬ್ಬ ಸ್ನೇಹಿತನಂತೂ ಬೆಳಿಗ್ಗೆ ಎದ್ದ ತಕ್ಷಣ ಕನ್ನಡಿ ಮುಂದೆ ನಿಂತು "ನಾನು ಸಮರ್ಥ, ನಾನು ಗೆಲ್ಲುತ್ತೇನೆ" ಅಂತ ಹತ್ತು ಸಲ ಹೇಳಿಕೋ ಅಂದ. ನಾಲ್ಕು ದಿನ ಹೇಳಿಕೊಂಡೆ. ಪ್ರತಿ ಸಲವೂ ಒಳಗಿನಿಂದ ಇನ್ನೊಂದು ದನಿ "ಹೂಂ, ಗುರುವಾರ" ಅನ್ನುತ್ತಿತ್ತು. ಐದನೇ ದಿನ ಬಿಟ್ಟೆ.

ಬಿಟ್ಟಿದ್ದೇ ಒಳ್ಳೇದಾಯಿತು ಅಂತ ಆಮೇಲೆ ಗೊತ್ತಾಯಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿದ್ದವರಿಗೆ "ನಾನು ಪ್ರೀತಿಗೆ ಯೋಗ್ಯ" ಅನ್ನೋ ಥರದ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಹೇಳಿದರು. ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆಗಲೇ ಚೆನ್ನಾಗಿದ್ದವರಿಗೆ ಮಾತ್ರ ಸ್ವಲ್ಪ ಲಾಭವಾಯಿತು. ಹೊಟ್ಟೆ ತುಂಬಿದವನಿಗೆ ಬಡಿಸಿದ ಹಾಗೆ.

ಹಗಲುಗನಸಿನ ಕಥೆಯೂ ಹೀಗೇ. ಗೇಬ್ರಿಯೆಲ್ ಎಟ್ಟಿಂಗನ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞೆ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಕ ಯುವತಿಯರನ್ನು ಎರಡು ವರ್ಷ ಗಮನಿಸಿದರು. ಒಳ್ಳೇ ಕೆಲಸ ಸಿಕ್ಕ ಹಾಗೆ ಜಾಸ್ತಿ ಕನಸು ಕಂಡವರಿಗೆ ಕೆಲಸದ ಕರೆಗಳೂ ಕಡಿಮೆ ಬಂದವು, ಸಂಬಳವೂ ಕಡಿಮೆ ಸಿಕ್ಕಿತು. ಕನಸಿನಲ್ಲೇ ಊಟ ಮಾಡಿ ಕೈ ತೊಳೆದವರು ಒಲೆ ಹಚ್ಚಲು ಏಳುವುದಿಲ್ಲ, ಅಲ್ವಾ?

ಹಾಗಾದರೆ ಸಕಾರಾತ್ಮಕ ಮನೋಭಾವ ಅಂದರೆ ಏನು? ನನಗೆ ಗೊತ್ತಿರೋದು ಪ್ರೂಫ್ ನೋಡುವ ಕೆಲಸ, ಹಾಗಾಗಿ ಆ ಭಾಷೆಯಲ್ಲೇ ಹೇಳುತ್ತೇನೆ. ಪ್ರೂಫ್ ನೋಡುವವನು ಬರೆದದ್ದನ್ನು ಚಂದ ಮಾಡಲು ಕೂರುವುದಿಲ್ಲ. ತಪ್ಪಿದ್ದ ಕಡೆ ಗುರುತು ಹಾಕುತ್ತಾನೆ, ಸರಿ ಇದ್ದದ್ದನ್ನು ಮುಟ್ಟುವುದಿಲ್ಲ. ಕೆಟ್ಟ ಗಳಿಗೆಯಲ್ಲಿ ನಮ್ಮ ಮನಸ್ಸು ಆತುರದಲ್ಲಿ ಏನೋ ಗೀಚಿರುತ್ತದೆ. ಅದರಲ್ಲಿ ಅರ್ಧ ನಿಜ, ಅರ್ಧ ಹಳೇ ಫೈಲಿನಿಂದ ಹಾಗೇ ಉಳಿದುಕೊಂಡದ್ದು. ಅದನ್ನು ತಿದ್ದದೆ 400 ಪ್ರತಿ ಅಚ್ಚು ಹಾಕಿಬಿಡುತ್ತೇವೆ.

ಮೊದಲ ಹೆಜ್ಜೆ: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗಳ ಹಳೇ ಸ್ಕೂಲ್ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಾದರೂ ಸಾಕು, ನಂದು ಅದೇ. ಮೊಬೈಲಿನಲ್ಲಿ ಬೇಡ. ಬರೆಯಲು ತೆಗೆದ ಮೊಬೈಲು ಎರಡು ನಿಮಿಷದಲ್ಲಿ ಯಾರದೋ ಸ್ಟೇಟಸ್ ತೋರಿಸುತ್ತದೆ.

ಮನಸ್ಸು ಕೆಟ್ಟಾಗ ಎಡಗಡೆಯ ಪುಟದಲ್ಲಿ, ತಲೆಯಲ್ಲಿ ಓಡುತ್ತಿರುವ ಮಾತನ್ನು ಅದರ ಭಾಷೆಯಲ್ಲೇ ಬರೆಯಿರಿ. ಸಭ್ಯ ಮಾಡಬೇಡಿ, ತಿದ್ದಬೇಡಿ, ಕಾರಣ ಕೊಡಬೇಡಿ. ನನ್ನ ಆವತ್ತಿನ ಪುಟದಲ್ಲಿ ಇರೋದು ಇಷ್ಟು:

ನಾನು ಯಾವಾಗ್ಲೂ ಹಿಂಗೇ.
ಈ ಊರಲ್ಲಿ ಇನ್ಮೇಲೆ ಯಾರೂ ನನ್ನ ಹತ್ರ ಕಾರ್ಡ್ ಮಾಡಿಸಲ್ಲ.
ನನ್ನಿಂದ ಒಂದು ಮದ್ವೆ ಹಾಳಾಯ್ತು.
ಅಂಗಡಿ ಮುಚ್ಚಿ ಬೆಂಗಳೂರಲ್ಲಿ ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಕೊಳ್ಳೋದೇ ಸರಿ.

ತಲೆಯೊಳಗೆ ಇದ್ದಾಗ ಇದು ಕೊನೆಯಿಲ್ಲದ ಗಿರಣಿ. ಹಾಳೆಯ ಮೇಲೆ ನಾಲ್ಕೇ ಸಾಲು. ನನಗೇ ಆಶ್ಚರ್ಯವಾಯಿತು. ಎರಡು ರಾತ್ರಿ ನಿದ್ದೆ ಕೆಡಿಸಿದ್ದು ಈ ನಾಲ್ಕು ಸಾಲೇ?

ಕೆಳಗೆ, ಈಗ ಏನು ಅನಿಸುತ್ತಿದೆ ಅಂತ ಒಂದು ಪದ ಬರೆಯಿರಿ. ಒಂದೇ ಷರತ್ತು: "ಬೇಜಾರು" ಅಂತ ಬರೆಯಬಾರದು.

ಈ ಬೇಜಾರು ಅನ್ನೋ ಪದ ನಮ್ಮಲ್ಲಿ ಎಲ್ಲಕ್ಕೂ ಆಗುತ್ತದೆ. ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು, ಅತ್ತೆ ಕೊಂಕು ಮಾತಾಡಿದರೂ ಬೇಜಾರು, ಮಗನಿಗೆ ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಇದರೊಳಗೆ ಕೈ ಹಾಕಿ ನೋಡಿದರೆ ಬೇರೆ ಬೇರೆ ಸಿಗುತ್ತವೆ: ಅವಮಾನ, ದಿಗಿಲು, ಮುನಿಸು, ಹೊಟ್ಟೆಕಿಚ್ಚು, ಮುಜುಗರ, ಕಸಿವಿಸಿ, ಬರೀ ಸುಸ್ತು. ಹಸಿವೂ ಆಗಿರಬಹುದು. ಮಧ್ಯಾಹ್ನ ಮೂರಾದರೂ ಊಟ ಮಾಡದೆ ಬಂದ ಸಿಟ್ಟನ್ನು ಜೀವನದ ಬಗೆಗಿನ ವೈರಾಗ್ಯ ಅಂತ ನಾನು ಎಷ್ಟೋ ಸಲ ತಪ್ಪು ತಿಳಿದಿದ್ದೇನೆ.

ನನಗೆ ಆವತ್ತು ಹೊಳೆದ ಪದ "ನಾಚಿಕೆ". ನಷ್ಟದ ಭಯ ಅಂದುಕೊಂಡಿದ್ದೆ, ಅದಲ್ಲ. ಆ ಯಜಮಾನರು ಕನ್ನಡಕ ತೆಗೆದ ಗಳಿಗೆಯ ನಾಚಿಕೆ. ಪದ ಸಿಕ್ಕ ಮೇಲೆ ಎದೆ ಸ್ವಲ್ಪ ಹಗುರಾಯಿತು. ಇದಕ್ಕೂ ಆಧಾರ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿತು. ಸಿಟ್ಟು, ಭಯ ತುಂಬಿದ ಮುಖದ ಫೋಟೋ ನೋಡುತ್ತಾ ಆ ಭಾವಕ್ಕೆ ಹೆಸರು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನೋ ಭಾಗದ ಗಲಾಟೆ ತಗ್ಗುತ್ತಿತ್ತು.

ಎರಡನೇ ಹೆಜ್ಜೆ: ಮೂರು ಪದ ಹುಡುಕಿ

ಎಲ್ಲಕ್ಕಿಂತ ಮುಖ್ಯ ಇದು. ಇದೊಂದನ್ನೇ ಮಾಡಿ ಮಿಕ್ಕಿದ್ದನ್ನೆಲ್ಲ ಬಿಟ್ಟರೂ ನನ್ನ ತಕರಾರಿಲ್ಲ.

ಕೆಂಪು ಪೆನ್ನು ತೆಗೆದುಕೊಂಡು ಎಡಗಡೆ ಪುಟ ಓದಿ. ಮೂರು ಥರದ ಪದಗಳಿಗೆ ಗೆರೆ ಎಳೆಯಿರಿ. ಮೊದಲನೇದು "ಯಾವಾಗಲೂ", "ಯಾವತ್ತೂ", "ಇನ್ಮೇಲೆ" ಅನ್ನೋ ಕಾಲದ ಪದ. ಎರಡನೇದು "ಎಲ್ಲ", "ಯಾರೂ", "ಏನೂ" ಅನ್ನೋ ಪದ. ಮೂರನೇದು "ನನ್ನಿಂದಲೇ", "ನಾನೇ".

ಈ ಮೂರನ್ನು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅವರ ಕೆಲಸ ಇದು. 1967ರಲ್ಲಿ ಅವರು ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಈಗ ಓದಿದರೆ ಕರುಳು ಕಿವುಚುತ್ತದೆ. ಏನು ಮಾಡಿದರೂ ಶಾಕ್ ನಿಲ್ಲುವುದಿಲ್ಲ ಅಂತ ಕಲಿತ ನಾಯಿಗಳು, ಆಮೇಲೆ ಸುಲಭವಾಗಿ ತಪ್ಪಿಸಿಕೊಳ್ಳಬಹುದಾದ ಕಡೆ ಬಿಟ್ಟರೂ ಸುಮ್ನೆ ಮಲಗಿಬಿಡುತ್ತಿದ್ದವು. ಮನುಷ್ಯರಲ್ಲಿ ಕೆಲವರು ಮಾತ್ರ ಯಾಕೆ ಹೀಗೆ ಕೈಚೆಲ್ಲುತ್ತಾರೆ ಅಂತ ಹುಡುಕುತ್ತಾ ಹೋದಾಗ, ಅವರು ಸೋಲಿಗೆ ಕೊಟ್ಟುಕೊಳ್ಳುವ ಕಾರಣದಲ್ಲಿ ವ್ಯತ್ಯಾಸ ಕಂಡಿತು. ಬೇಗ ಕುಸಿಯುವವರು "ಇದು ಶಾಶ್ವತ, ಎಲ್ಲ ಕಡೆಯೂ ಹೀಗೇ, ಪೂರ್ತಿ ನನ್ನದೇ ದೋಷ" ಅನ್ನುತ್ತಾರೆ. ಒಳ್ಳೇದು ನಡೆದಾಗ ಲೆಕ್ಕ ಉಲ್ಟಾ: "ಏನೋ ಅದೃಷ್ಟ, ಆವತ್ತೊಂದು ದಿನ ಹಂಗಾಯ್ತು." ನಮ್ಮೂರ ಕಡೆ ಇದನ್ನು ವಿನಯ ಅಂತ ಹೊಗಳುವುದೂ ಉಂಟು.

ಈಗ ಬಲಗಡೆ ಪುಟದಲ್ಲಿ ಸಾಲು ಸಾಲಾಗಿ ತಿದ್ದುಪಡಿ. ಇಲ್ಲಿ ನಮ್ಮ ಕಸುಬಿನ ಒಂದು ನಿಯಮ ಉಪಯೋಗಕ್ಕೆ ಬರುತ್ತದೆ. ಮುಖ್ಯವಾದ ಪ್ರೂಫನ್ನು ಒಬ್ಬನೇ ನೋಡಬಾರದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿ ಹಿಡಿದು ತಾಳೆ ನೋಡಬೇಕು. ತಾನೇ ಟೈಪ್ ಮಾಡಿದ ತಪ್ಪು ತನ್ನ ಕಣ್ಣಿಗೆ ಕಾಣುವುದಿಲ್ಲ. ನನಗೆ ಮೂಲಪ್ರತಿ ಹಿಡಿದವಳು ನನ್ನ ಹೆಂಡತಿ. ಬೇಳೆ ಆರಿಸುತ್ತಾ ಕೂತಿದ್ದಳು. ನಾನು ಓದಿದೆ.

"ನನ್ನಿಂದ ಒಂದು ಮದ್ವೆ ಹಾಳಾಯ್ತು."

"ಯಾರ ಮದ್ವೆ?"

"ಅದೇ ಕಣೇ, ಆ ಯಜಮಾನ್ರ ಮಗಳ್ದು."

"ಅದು ಇನ್ನೂ 19 ದಿನ ಇದೆಯಲ್ರೀ. ಹಾಳಾಗೋಕೆ ಮೊದ್ಲು ನಡೀಬೇಕಲ್ವಾ?"

ಅಷ್ಟು ಹೇಳಿ ಅವಳು ಮತ್ತೆ ಬೇಳೆ ಆರಿಸತೊಡಗಿದಳು. ನಾನು ಬಲಗಡೆ ಬರೆದುಕೊಂಡೆ: "ಮದುವೆ ಹಾಳಾಗಿಲ್ಲ. ಕಾರ್ಡು ಹಾಳಾಗಿದೆ. 19 ದಿನ ಇದೆ." "ನಾನು ಯಾವಾಗ್ಲೂ ಹಿಂಗೇ" ಅನ್ನೋದಕ್ಕೆ ಹಳೇ ಆರ್ಡರ್ ಪುಸ್ತಕ ತೆಗೆದು ನೋಡಿದೆ. ಆ ವರ್ಷ ಮಾಡಿದ್ದು 112 ಲಗ್ನಪತ್ರಿಕೆ, ಇಂಥ ತಪ್ಪು ಒಂದು. ಇನ್ನೊಂದರಲ್ಲಿ ಯಾರದೋ ಸೋದರಮಾವನ ಇನಿಷಿಯಲ್ ತಪ್ಪಿತ್ತು, ಅದನ್ನೂ ಸೇರಿಸಿದರೆ ಎರಡು. "ಯಾರೂ ಬರಲ್ಲ" ಅಂತ ನಾನು ಬರೆದ ದಿನವೇ ಒಂದು ನಾಮಕರಣದ ಕಾರ್ಡಿನ ಅಡ್ವಾನ್ಸ್ ಡ್ರಾಯರಿನಲ್ಲಿತ್ತು.

ಸರಿ ಇರೋದನ್ನು ತಿದ್ದಬಾರದು ಅನ್ನೋ ನಿಯಮವನ್ನೂ ಮರೆಯಬೇಡಿ. ವಾರ ನೋಡದೆ ಅಚ್ಚಿಗೆ ಕಳಿಸಿದ್ದು ನನ್ನದೇ ತಪ್ಪು. "ಪರವಾಗಿಲ್ಲ, ಎಲ್ಲರೂ ಮಾಡ್ತಾರೆ" ಅಂತ ಅದನ್ನು ಅಳಿಸಲು ಹೋಗಲಿಲ್ಲ. ಕೆಂಪು ಪೆನ್ನು ಮುಟ್ಟದೆ ಉಳಿದ ಮಾತು ಅದೊಂದೇ. ಮುಂದಿನ ಹೆಜ್ಜೆಗೆ ಬೇಕಾದದ್ದೂ ಅದೇ.

ನಿಮ್ಮ ಮನೆಯಲ್ಲಿ ಮೂಲಪ್ರತಿ ಹಿಡಿಯುವವರು ಇಲ್ಲದಿದ್ದರೆ ಒಬ್ಬ ಸ್ನೇಹಿತರನ್ನು ಆರಿಸಿಕೊಳ್ಳಿ. ಜಾಸ್ತಿ ಸಮಾಧಾನ ಹೇಳುವವರು ಬೇಡ. "ಯಾರ ಮದ್ವೆ?" ಅಂತ ಕೇಳುವವರು ಬೇಕು.

ಮೂರನೇ ಹೆಜ್ಜೆ: ಕೈಗೆ ಕೆಲಸ ಕೊಡಿ

ನಮ್ಮ ತಿಪಟೂರು ಕೊಬ್ಬರಿಯ ಊರು. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿ ಆಗಲು 8ರಿಂದ 12 ತಿಂಗಳು ಬೇಕು. ಅಷ್ಟರಲ್ಲಿ ರೇಟು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ನಮ್ಮ ಅಂಗಡಿಗೆ ಬರುವ ಬೆಳೆಗಾರರಲ್ಲಿ ಎರಡು ಥರದವರನ್ನು ನೋಡಿದ್ದೇನೆ. ಒಬ್ಬರು ದಿನಾ ರೇಟು ಕೇಳಿ ದಿನಾ ಕೊರಗುವವರು. ಇನ್ನೊಬ್ಬರೂ ರೇಟು ಕೇಳುತ್ತಾರೆ, ಬೈಯುತ್ತಾರೆ, ಆಮೇಲೆ ಮನೆಗೆ ಹೋಗಿ ಅಟ್ಟಕ್ಕೆ ನೀರು ಸೋರುತ್ತಿದೆಯಾ ಅಂತ ನೋಡುತ್ತಾರೆ. ರೇಟು ಇಬ್ಬರಿಗೂ ಒಂದೇ. ಹೆಂಚು ಸರಿಮಾಡಿಕೊಂಡವರ ಕೊಬ್ಬರಿ ಕೆಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾಗಿ ಪುಟದ ಕೆಳಗೆ ಒಂದು ಅಡ್ಡಗೆರೆ ಎಳೆದು ಎರಡು ಪಟ್ಟಿ ಮಾಡಿ. ನನ್ನ ಕೈಲಿ ಇಲ್ಲದ್ದು, ನನ್ನ ಕೈಲಿ ಇರೋದು. ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದು: ಅವರು ಊರಲ್ಲಿ ಏನು ಹೇಳುತ್ತಾರೆ, ಹಂಚಿದ 60 ಕಾರ್ಡು. ಎರಡನೇದರಲ್ಲಿ: ಉಳಿದ 340 ಕಾರ್ಡು, ಆ 60 ಮನೆಗೆ ಸುದ್ದಿ ಮುಟ್ಟಿಸೋದು, ಕ್ಷಮೆ ಕೇಳೋದು. ಸ್ಟಿಕ್ಕರ್ ಅಂಟಿಸಬಹುದಿತ್ತು, ಆದರೆ ಮಗಳ ಮದುವೆ ಕಾರ್ಡಿಗೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ನನ್ನ ಖರ್ಚಿನಲ್ಲಿ 400 ಮತ್ತೆ ಅಚ್ಚು ಹಾಕಿಸಿದೆ. ಯಜಮಾನರ ಮನೆಗೆ ಹೋಗಿ ಕೂತು, ಕಾರ್ಡು ಕೊಟ್ಟ ಮನೆಗಳ ಪಟ್ಟಿ ತೆಗೆದುಕೊಂಡು, ಅವರ ಮಗನ ಜೊತೆ ಫೋನ್ ಮಾಡುತ್ತಾ ಹೋದೆವು. 23ನೇ ಮನೆಯವರು "ಗೊತ್ತಾಯ್ತು ಬಿಡ್ರೀ, ಪಂಚಾಂಗ ನೋಡಿದ್ವಿ" ಅಂದರು. ಮೂರು ದಿನದಲ್ಲಿ ನಾನು ಮೊದಲ ಸಲ ನಕ್ಕಿದ್ದು ಆಗ.

ಕೆಲಸ ದೊಡ್ಡದಾಗಿ ಕಂಡರೆ ಅದರ ಅತಿ ಸಣ್ಣ ತುಂಡು ಆರಿಸಿಕೊಳ್ಳಿ. ಹುಮ್ಮಸ್ಸು ಬರಲಿ, ಆಮೇಲೆ ಮಾಡೋಣ ಅಂತ ಕಾಯುವುದು ನಮ್ಮೆಲ್ಲರ ಚಾಳಿ. ಸಾಮಾನ್ಯವಾಗಿ ಕೆಲಸ ಶುರುವಾದ ಮೇಲೆ ಹುಮ್ಮಸ್ಸು ಬರುತ್ತದೆ. ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗಳಲ್ಲೂ, ಮನಸ್ಸು ಸರಿಹೋಗುವ ತನಕ ಕಾಯದೆ ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡಿಕೊಂಡು ಮಾಡಿಸುವ ಒಂದು ಬಗೆ ಇದೆ.

ಇನ್ನೊಂದು ಸಾಧನ ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರದು. ಅವರು 1999ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟೇ: "ಇನ್ಮೇಲೆ ಹುಷಾರಾಗಿರ್ತೀನಿ" ಅನ್ನೋ ಸಂಕಲ್ಪಕ್ಕಿಂತ, "ಹೀಗಾದಾಗ ಹೀಗೆ ಮಾಡ್ತೀನಿ" ಅನ್ನೋ ಸಂಕಲ್ಪ ಹೆಚ್ಚು ನಿಲ್ಲುತ್ತದೆ. ನನ್ನದು ಗೋಡೆಯ ಮೇಲೇ ಅಂಟಿಸಿದ್ದೇನೆ: "ತಾರೀಖು ಟೈಪ್ ಆದ ತಕ್ಷಣ ಕ್ಯಾಲೆಂಡರ್ ಕಡೆ ತಿರುಗಬೇಕು." ಗ್ರಾಹಕರ ಸಹಿ ಇಲ್ಲದೆ ಪ್ರೂಫ್ ಅಚ್ಚಿಗೆ ಹೋಗುವುದಿಲ್ಲ. ಸಹಿ ಹಾಕುವ ಮುಂಚೆ ವಾರವನ್ನು ಅವರ ಬಾಯಲ್ಲೇ ಓದಿಸುತ್ತೇನೆ. ಕೆಲವರಿಗೆ ಕಿರಿಕಿರಿ. ಆಗಲಿ.

ನೀವು ನಿಮ್ಮದು ಬರೆದುಕೊಳ್ಳಿ. "ಮ್ಯಾನೇಜರ್ 'ಬಂದು ನೋಡಿ' ಅಂತ ಎರಡೇ ಪದದ ಮೆಸೇಜ್ ಹಾಕಿದಾಗ, ಎದ್ದು ಒಂದು ಲೋಟ ನೀರು ಕುಡಿದು, ಆಮೇಲೆ ಹೋಗ್ತೀನಿ." "ಮಗಳು ಮಾರ್ಕ್ಸ್ ಕಾರ್ಡ್ ತಂದಾಗ, ಮೊದಲು ಜಾಸ್ತಿ ಬಂದ ಸಬ್ಜೆಕ್ಟ್ ಹೆಸರು ಹೇಳ್ತೀನಿ." ಇಷ್ಟು ಸಣ್ಣದಾಗಿರಲಿ.

ನಾಲ್ಕನೇ ಹೆಜ್ಜೆ: ರಾತ್ರಿ ಮೂರು ಸಾಲು

ಇಷ್ಟು ಹೊತ್ತು ಹೇಳಿದ್ದು ಕೆಟ್ಟ ದಿನಕ್ಕೆ. ಇದು ದಿನಾ ಮಾಡುವಂಥದ್ದು.

ಒಳ್ಳೇದು ನಮ್ಮ ಕಣ್ಣಿಂದ ಬೇಗ ಜಾರುತ್ತದೆ, ಕೆಟ್ಟದ್ದು ಅಂಟಿಕೊಳ್ಳುತ್ತದೆ. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಆವರೆಗಿನ ಬೇಕಾದಷ್ಟು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಬಂದ ತೀರ್ಮಾನವೂ ಇದೇ, ಕೆಟ್ಟದ್ದರ ಪೆಟ್ಟು ಒಳ್ಳೇದಕ್ಕಿಂತ ಜೋರು. 110 ಕಾರ್ಡು ಸರಿ ಬಂದದ್ದು ನನಗೆ ನೆನಪೇ ಇರಲಿಲ್ಲ, ನೋಡಿ. ಇದು ನಮ್ಮ ಕೆಟ್ಟತನವಲ್ಲ. ಪೊದೆಯಲ್ಲಿ ಸರಪರ ಸದ್ದಾದಾಗ ಹುಲಿಯೇ ಅಂದುಕೊಂಡು ಓಡಿದವರು ಬದುಕಿಕೊಂಡಿರಬೇಕು. ನಾವು ಅವರ ಮೊಮ್ಮಕ್ಕಳು.

ಅದಕ್ಕೆ ರಾತ್ರಿ ಮಲಗುವ ಮುಂಚೆ, ಆವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಿರಿ. ಪಕ್ಕದಲ್ಲಿ ಅದು ಯಾಕೆ ನಡೆಯಿತು ಅಂತ ಒಂದು ಮಾತು. ಸೆಲಿಗ್‌ಮನ್ ತಂಡ ಇದನ್ನು 2005ರಲ್ಲಿ ಪರೀಕ್ಷಿಸಿತು. ಒಂದೇ ವಾರ ಬರೆಯಲು ಹೇಳಿದ್ದರು. ಹಾಗೆ ಬರೆದವರ ಮನಸ್ಸು ಆರು ತಿಂಗಳ ನಂತರವೂ ಮೊದಲಿಗಿಂತ ಹಗುರವಾಗಿತ್ತು. ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಿಗೆ ಲಾಭ ಜಾಸ್ತಿ.

ಮೊದಲ ವಾರ ನಾನು ಬರೆದದ್ದೆಲ್ಲ ಶುದ್ಧ ಬೊಗಳೆ. "ಆರೋಗ್ಯ ಚೆನ್ನಾಗಿದೆ. ಕುಟುಂಬ ಚೆನ್ನಾಗಿದೆ. ದೇವರ ದಯೆ." ಮೂರನೇ ದಿನಕ್ಕೆ ಅದನ್ನೇ ಕಾಪಿ ಹೊಡೆಯುತ್ತಿದ್ದೆ. ಪ್ರಯೋಜನ ಆಗಿದ್ದು ಸಣ್ಣದನ್ನು ಬರೆಯತೊಡಗಿದ ಮೇಲೆ. ಒಂದು ಪುಟದಿಂದ:

ಪಕ್ಕದ ಅಂಗಡಿಯ ಹುಡುಗ ಕೇಳದೆ ಶಟರ್ ಎತ್ತಿಕೊಟ್ಟ. ಯಾಕೆ: ನನ್ನ ಸೊಂಟ ನೋವು ಅವನಿಗೆ ನೆನಪಿತ್ತು.
ಹುರುಳಿಕಾಳಿನ ಬಸ್ಸಾರು. ಯಾಕೆ: ಅಮ್ಮ ಬಂದಿದ್ದಾರೆ.
ಬಿಲ್ ಪುಸ್ತಕದ ನಂಬರಿಂಗ್ ಒಂದೂ ತಪ್ಪಲಿಲ್ಲ. ಯಾಕೆ: ನಾನೇ ಕೂತು ಎರಡು ಸಲ ನೋಡಿದೆ.

ಮೂರನೇದನ್ನು ನೋಡಿ. "ಅದೃಷ್ಟ" ಅಂತ ಬರೆಯುತ್ತಿದ್ದ ಕೈ "ನಾನೇ" ಅಂತ ಬರೆದಿದೆ. ಎರಡನೇ ಹೆಜ್ಜೆಯಲ್ಲಿ ಕೆಂಪು ಗೆರೆ ಎಳೆದ ಅದೇ ಪದ, ಇಲ್ಲಿ ಸರಿಯಾದ ಜಾಗದಲ್ಲಿದೆ.

ದಿನಾ ಬರೆಯುವುದು ಕಿರಿಕಿರಿ ಅನಿಸಿದರೆ ವಾರಕ್ಕೊಮ್ಮೆ ಐದು ಬರೆಯಿರಿ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರ ಒಂದು ಅಧ್ಯಯನದಲ್ಲಿ 10 ವಾರ ಹಾಗೆ ಬರೆಸಿದ್ದರು. ಕೃತಜ್ಞತೆಯ ಸಂಗತಿ ಬರೆದವರು, ತಾಪತ್ರಯ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು.

ಇನ್ನು ಸಣ್ಣಪುಟ್ಟವು

ಬೆಳಿಗ್ಗೆ ಎದ್ದು ಮೊದಲ ಅರ್ಧ ಗಂಟೆ ಮೊಬೈಲ್ ಬೇಡ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ನನಗೆ ಆಗಿದ್ದು ಚಾರ್ಜರನ್ನು ಅಡುಗೆಮನೆಗೆ ಸಾಗಿಸಿದ ಮೇಲೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಧೈರ್ಯವಾಗಿ ಮಾಡಿ.

ನಡೆಯಿರಿ. ನಿದ್ದೆ ಮಾಡಿ. ರಾತ್ರಿ 11ರ ಮೇಲೆ ಜೀವನದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಆ ಹೊತ್ತಿನ ಮನಸ್ಸು ಬರೆದದ್ದರಲ್ಲಿ ಅಕ್ಷರಕ್ಕೊಂದು ತಪ್ಪಿರುತ್ತದೆ.

ಮಾತಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. "ಹೇಗಿದ್ದೀರಾ?" ಅಂದರೆ "ಏನೋ ಹಿಂಗೇ, ನಡೀತಾ ಇದೆ" ಅನ್ನೋದು ನಮ್ಮ ರೂಢಿ. ಚೆನ್ನಾಗಿದ್ದೀನಿ ಅಂದರೆ ಕಣ್ಣು ಬಿದ್ದೀತು ಅನ್ನೋ ಭಯವೋ ಏನೋ. ಅದಿರಲಿ. ಬೇರೆಯವರು ಖುಷಿಯ ಸುದ್ದಿ ತಂದಾಗ ನಾವು ಏನನ್ನುತ್ತೇವೆ? "ಅಪ್ಪಾ, ಹೊಸ ಗಾಡಿ ಬುಕ್ ಮಾಡ್ದೆ" ಅಂದರೆ "ಪೆಟ್ರೋಲ್ ರೇಟ್ ಗೊತ್ತಾ?" "ಅಕ್ಕಾ, ನಂಗೆ ಪ್ರಮೋಷನ್ ಆಯ್ತು" ಅಂದರೆ "ಹಂಗಾದ್ರೆ ಕೆಲ್ಸ ಜಾಸ್ತಿ ಬಿಡು." ಶೆಲಿ ಗೇಬಲ್ ಅನ್ನೋ ಸಂಶೋಧಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಳ್ಳೇ ಸುದ್ದಿಗೆ ಆಸ್ಥೆಯಿಂದ ಸ್ಪಂದಿಸುವ ಸಂಗಾತಿ ಇದ್ದವರ ಸಂಬಂಧ ಹೆಚ್ಚು ಗಟ್ಟಿಯಾಗಿತ್ತು. ಮಾಡಬೇಕಾದದ್ದು ಇಷ್ಟೇ: ಒಂದು ಪ್ರಶ್ನೆ ಕೇಳೋದು. "ಹೌದಾ! ಯಾವ ಬಣ್ಣ?" ಅಷ್ಟು ಸಾಕು. ನಾನು ಇದನ್ನು ಮಗಳ ಮೇಲೆ ಶುರು ಮಾಡಿದ ಮೊದಲ ವಾರ ಅವಳು "ಅಪ್ಪಾ, ಏನಾದ್ರೂ ಕೆಲ್ಸ ಆಗ್ಬೇಕಿತ್ತಾ?" ಅಂತ ಅನುಮಾನ ಪಟ್ಟಳು.

ಪ್ರೂಫ್ ನೋಡಬಾರದ ಕಡೆ

ಸಾವಿನ ಮನೆಗೆ ಕೆಂಪು ಪೆನ್ನು ಒಯ್ಯಬೇಡಿ. ಗಂಡನನ್ನು ಕಳೆದುಕೊಂಡವರಿಗೆ, ಕೆಲಸ ಹೋಗಿ ಇಎಂಐ ತಲೆ ಮೇಲಿರುವವರಿಗೆ "ಪಾಸಿಟಿವ್ ಆಗಿರಿ" ಅನ್ನೋದು ಕ್ರೌರ್ಯ. ಅಲ್ಲಿ ಸುಮ್ನೆ ಪಕ್ಕದಲ್ಲಿ ಕೂರಬೇಕು, ಕೈಲಾದರೆ ಊಟ ತೆಗೆದುಕೊಂಡು ಹೋಗಬೇಕು. ಅತ್ತು ಮುಗಿಯಬೇಕಾದ ದುಃಖ ಅತ್ತೇ ಮುಗಿಯಬೇಕು. ಮನೆಯಲ್ಲಿ ಹೊಡೆತ, ಕಚೇರಿಯಲ್ಲಿ ಕಿರುಕುಳ ಇದ್ದರೂ ಹಾಗೇ. ಅಲ್ಲಿ ತಿದ್ದಬೇಕಾದದ್ದು ನಿಮ್ಮ ಯೋಚನೆಯನ್ನಲ್ಲ.

ಎರಡು ವಾರ ದಾಟಿದರೂ ದಿನದ ಬಹುಪಾಲು ಮನಸ್ಸು ಮಂಕಾಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡವೆನಿಸಿದರೆ, ನಿದ್ದೆ, ಊಟ ಕೆಟ್ಟಿದ್ದರೆ, ನೋಟ್‌ಬುಕ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಆವತ್ತೇ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಸೊಂಟ ನೋವಿಗೆ ಡಾಕ್ಟರ ಹತ್ತಿರ ಹೋಗಲು ನಾನು ನಾಚಲಿಲ್ಲ. ಇದಕ್ಕೂ ನಾಚಬೇಕಿಲ್ಲ.

ಎಷ್ಟು ದಿನ ಬೇಕು?

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನೋ ಮಾತು ಎಲ್ಲೆಲ್ಲೂ ಕೇಳುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಇಟ್ಟುಕೊಂಡು ಅಳೆದು ನೋಡಿದಾಗ ಸಿಕ್ಕ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನೋ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟುಹೋಗುವುದಿಲ್ಲ ಅಂತಲೂ ಕಂಡುಕೊಂಡರು. ನನಗೆ ಸಮಾಧಾನ ಕೊಟ್ಟದ್ದು ಈ ಮಾತೇ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಜಾತಿ ನಾನು, ಒಂದು ದಿನ ತಪ್ಪಿದರೆ ಪೂರ್ತಿ ಬಿಟ್ಟುಬಿಡುತ್ತಿದ್ದೆ. ದಸರಾದಲ್ಲಿ ಒಂಬತ್ತು ದಿನ ಬರೆಯಲಿಲ್ಲ. ಹತ್ತನೇ ದಿನ ತಾರೀಖು ಹಾಕಿ, ಪಕ್ಕದಲ್ಲಿ ವಾರವನ್ನೂ ಬರೆದು, ಮತ್ತೆ ಶುರು ಮಾಡಿದೆ.

ಈಗ ಇದು ನಾಲ್ಕನೇ ನೋಟ್‌ಬುಕ್. ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು, ಮೊಬೈಲ್ ಟಾರ್ಚಿನ ಬೆಳಕಲ್ಲಿ ಎರಡೇ ಸಾಲು ಬರೆದೆ. ಎರಡನೇದು: "ಯಜಮಾನರು ಅಂಗಡಿಗೆ ಬಂದಿದ್ದರು, ಮಗನ ಮದುವೆ ಕಾರ್ಡಿಗೆ. ಪ್ರೂಫನ್ನು ಅವರೇ ಮೂರು ಸಲ ಓದಿದರು." ಯಾಕೆ ಅಂತ ಬರೆಯೋಕೆ ಹೋಗಲಿಲ್ಲ.